ಓದುಕೂಟ ಮೊದಲು, ಲೇಖಕರು ಆಮೇಲೆ: ಗಡಿನಾಡಿನ ಸಾಹಿತ್ಯ ಸಂಘಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ವಾಚನಾಲಯ, ಯುವಕ ಸಂಘ, ಸಾಹಿತ್ಯ ಬಳಗಗಳಿಂದ ಕೇಳಿಬರುವ ದೂರು ಬಹುತೇಕ ಒಂದೇ. ಲೇಖಕರನ್ನು ಕರೆಸಿ ಸಂವಾದ ಏರ್ಪಡಿಸಿದೆವು, ಐವತ್ತು ಜನ ಬಂದರು, ಆದರೆ ಸಂವಾದವೇ ನಡೆಯಲಿಲ್ಲ. ಆ ಉತ್ಸಾಹದಲ್ಲಿ ಓದುಕೂಟ ಆರಂಭಿಸಿದೆವು, ಮೂರನೆಯ ತಿಂಗಳಿಗೆ ಅದೂ ನಿಂತುಹೋಯಿತು. ಎರಡೂ ಸೋಲಿಗೆ ಕಾರಣ ಒಂದೇ: ಮೊದಲು ಆಗಬೇಕಾದ ಕೆಲಸ ಕೊನೆಗೆ, ಕೊನೆಗೆ ಆಗಬೇಕಾದದ್ದು ಮೊದಲಿಗೆ ಆಗಿದೆ. ಪುಸ್ತಕ ಓದಿದ ಹತ್ತು ಮಂದಿಯಾದರೂ ಸಭೆಯಲ್ಲಿ ಇಲ್ಲದಿದ್ದರೆ ಲೇಖಕರೆದುರು ಪ್ರಶ್ನೆ ಹುಟ್ಟುವುದಿಲ್ಲ. ಪ್ರಶ್ನೆ ಹುಟ್ಟದ ಸಭೆಯಿಂದ ಓದುಕೂಟವೂ ಹುಟ್ಟುವುದಿಲ್ಲ.

ಇದನ್ನು ನಾನು ತಪ್ಪು ಮಾಡಿಯೇ ಕಲಿತವನು. ನಾನು ಹೊಣೆ ಹೊತ್ತ ಮೊದಲ ಲೇಖಕ ಸಂವಾದ ಮೂರು ಗಂಟೆಗೆ ಆರಂಭವಾಗಿತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಪ್ರಸ್ತಾವನೆ, ನಾಲ್ವರು ಅತಿಥಿಗಳ ಶುಭಾಶಂಸನೆ, ಶಾಲು–ಹಾರ–ಫಲತಾಂಬೂಲ ಎಲ್ಲ ಮುಗಿದು ಲೇಖಕರು ಮಾತಿಗೆ ಎದ್ದಾಗ ಐದೂ ಇಪ್ಪತ್ತೈದು. ಆರೂ ಹತ್ತಕ್ಕೆ ಕೊನೆಯ ಬಸ್ಸು. ಸಭಿಕರಿಂದ ಬಂದ ಏಕೈಕ ಪ್ರಶ್ನೆ, "ತಾವು ಈವರೆಗೆ ಎಷ್ಟು ಪುಸ್ತಕ ಬರೆದಿದ್ದೀರಿ?" ಎಂಬುದು. ಆ ಸಂಖ್ಯೆ ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗಿತ್ತು.

ಕೆಳಗಿನ ಕ್ರಮಕ್ಕೆ ಐದು ತಿಂಗಳು ಬೇಕು: ಮೂರು ತಿಂಗಳು ಬರಿಯ ಓದುಕೂಟ, ನಾಲ್ಕನೆಯ ತಿಂಗಳು ಬರಲಿರುವ ಲೇಖಕರ ಪುಸ್ತಕದ ಓದು, ಐದನೆಯ ತಿಂಗಳು ಅವರ ಭೇಟಿ. ಮುಂದಿನ ತಿಂಗಳೇ ಸಂಘದ ವಾರ್ಷಿಕೋತ್ಸವವಿದೆ, ಅದಕ್ಕೆ ಇದನ್ನು ಸೇರಿಸಿಬಿಡೋಣ ಎನ್ನುವವರು ವಾರ್ಷಿಕೋತ್ಸವವನ್ನು ವಾರ್ಷಿಕೋತ್ಸವವಾಗಿಯೇ ನಡೆಸುವುದು ಒಳ್ಳೆಯದು.

ಮೊದಲೇ ಕೈಯಲ್ಲಿರಬೇಕಾದವು

ಗೆರೆ ಹಾಕಿದ ದಪ್ಪ ನೋಟುಪುಸ್ತಕ ಒಂದು, ಎಲ್ಲರಿಗೂ ಕಾಣುವ ಗೋಡೆ ಗಡಿಯಾರ, ಕರಿಹಲಗೆ ಅಥವಾ ಬಿಳಿ ಬೋರ್ಡು, ಆ ದಾರಿಯ ಕೊನೆಯ ಬಸ್ಸುಗಳ ಸಮಯದ ಪಟ್ಟಿ, ವಾಚನಾಲಯದ ಎರಡು ಬೀಗದ ಕೈ. ಎರಡನೆಯ ಬೀಗದ ಕೈ ಏಕೆಂದು ಕೇಳುವವರಿದ್ದಾರೆ. ಒಂದೇ ಕೈ ಇರುವ ಕಡೆ ಅದು ಇರುವವರ ಮನೆಯಲ್ಲಿ ಮದುವೆ ಬಂದ ತಿಂಗಳು ಕೂಟ ಜಗಲಿಯಲ್ಲಿ ನಿಲ್ಲುತ್ತದೆ, ಅದರ ಮರುತಿಂಗಳು ಜಗಲಿಗೂ ಯಾರೂ ಬರುವುದಿಲ್ಲ.

ವಾಟ್ಸ್ಆ್ಯಪ್ ಗುಂಪು ಬೇಕು, ಆದರೆ ಅದರಲ್ಲಿ ದಿನಾಂಕ, ಸ್ಥಳ, ಪುಟಸಂಖ್ಯೆ ಬಿಟ್ಟು ಬೇರೇನೂ ಹಾಕಬಾರದು. ಶುಭೋದಯದ ಚಿತ್ರಗಳ ನಡುವೆ ಕೂಟದ ಸೂಚನೆ ಕಳೆದುಹೋಗುತ್ತದೆ.

ಹಂತ 1: ದಿನ ಮತ್ತು ಗಂಟೆಯನ್ನು ನಿಗದಿಪಡಿಸುವುದು

ಕೂಟದ ದಿನವನ್ನು ಪ್ರತಿ ತಿಂಗಳು ಚರ್ಚಿಸಿ ತೀರ್ಮಾನಿಸುವ ಕ್ರಮವೇ ಕೂಟವನ್ನು ಕೊಲ್ಲುತ್ತದೆ. ಒಮ್ಮೆ ನಿಗದಿಯಾದ ದಿನ ವರ್ಷವಿಡೀ ಬದಲಾಗಬಾರದು. ನಮ್ಮ ಕಡೆಗೆ ಎರಡನೆಯ ಶನಿವಾರದ ಮಧ್ಯಾಹ್ನ ಮೂರು ಗಂಟೆ ಸೂಕ್ತ: ಅಂದು ಕೇರಳದ ಸರಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ರಜೆ, ಜತೆಗೆ ಆದಿತ್ಯವಾರದ ಮದುವೆ–ಗೃಹಪ್ರವೇಶಗಳ ಕಾಟವಿಲ್ಲ. ಶುಕ್ರವಾರ ಮಧ್ಯಾಹ್ನವನ್ನು ಇಟ್ಟುಕೊಂಡರೆ ಮುಸ್ಲಿಂ ಓದುಗರನ್ನು ಆರಂಭದಲ್ಲೇ ಹೊರಗಿಟ್ಟಂತಾಗುತ್ತದೆ.

ಮುಗಿಯುವ ಗಂಟೆಯನ್ನು ಆರಂಭದ ಗಂಟೆಗಿಂತ ಮೊದಲು ಗೊತ್ತುಮಾಡಬೇಕು. ಕೊನೆಯ ಬಸ್ಸಿನಿಂದ ಮುಕ್ಕಾಲು ಗಂಟೆ ಹಿಂದಕ್ಕೆ ಎಣಿಸಿದರೆ ಮುಗಿಯುವ ಗಂಟೆ, ಅಲ್ಲಿಂದ ಒಂದೂವರೆ ಗಂಟೆ ಹಿಂದಕ್ಕೆ ಎಣಿಸಿದರೆ ಆರಂಭದ ಗಂಟೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಕಡೆಗಳಿಂದ ಒಳದಾರಿ ಹಿಡಿದು ಮನೆ ಸೇರಬೇಕಾದ ಹೆಂಗಸರು ಕೂಟಕ್ಕೆ ಬರುವುದೂ ಬಿಡುವುದೂ ಈ ಲೆಕ್ಕವನ್ನು ಅವಲಂಬಿಸಿದೆ.

ಋತುವಿನ ಲೆಕ್ಕವೂ ಇದೆ. ನವೆಂಬರಿನಿಂದ ಮೇ ತಿಂಗಳವರೆಗೆ ಕೋಲ, ಜಾತ್ರೆ, ಬ್ರಹ್ಮಕಲಶ, ಯಕ್ಷಗಾನ ಮೇಳಗಳ ತಿರುಗಾಟ. ಅಡಿಕೆ ಕೊಯ್ಲೂ ಆ ಹೊತ್ತಿನದೇ. ಜುಲೈ–ಆಗಸ್ಟ್ ನಡುವಿನ ಮಳೆಗಾಲದ ಆಟಿ ತಿಂಗಳಲ್ಲಿ ಮನೆಯಲ್ಲೇ ಇರುವವರು ಹೆಚ್ಚು, ಓದುಕೂಟ ಆರಂಭಿಸಲು ಅದು ಒಳ್ಳೆಯ ಕಾಲ. ಲೇಖಕರನ್ನು ಕರೆಸಲು ಮಾತ್ರ ಅದೇ ಕಾಲ ಕೆಟ್ಟದ್ದು: ಶೀಟಿನ ಮಾಡಿನ ಮೇಲೆ ಮಳೆ ಸುರಿಯತೊಡಗಿದರೆ ಮೈಕ್ ಇದ್ದರೂ ಎರಡನೆಯ ಸಾಲಿಗೆ ಮಾತು ಕೇಳಿಸುವುದಿಲ್ಲ, ಕರೆಂಟು ಹೋದರಂತೂ ಮುಗಿಯಿತು. ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಕೇರಳದಲ್ಲಿ ಜೂನ್ 19ನ್ನು ವಾಚನಾ ದಿನವಾಗಿ ಆಚರಿಸುವುದರಿಂದ ಅದೇ ವಾರ ಎಲ್ಲ ಶಾಲೆ, ಗ್ರಂಥಾಲಯಗಳೂ ಲೇಖಕರನ್ನು ಹುಡುಕುತ್ತವೆ. ಆ ವಾರಕ್ಕೆ ಓದುಕೂಟ ಸಾಕು.

ಹಂತ 2: ಹನ್ನೆರಡು ಮಂದಿಯನ್ನು ಹುಡುಕುವುದು

ಸಾರ್ವಜನಿಕ ಪ್ರಕಟಣೆಯಿಂದ ಆರಂಭಿಸಬೇಡಿ. ಪ್ರಕಟಣೆ ನೋಡಿ ಬರುವವರು ಕಾರ್ಯಕ್ರಮಕ್ಕೆ ಬರುತ್ತಾರೆ, ಓದಿಗಲ್ಲ. ವಾಚನಾಲಯದ ಎರವಲು ದಾಖಲೆಯ ಪುಸ್ತಕವನ್ನು ತೆರೆದು, ಕಳೆದ ಆರು ತಿಂಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಕನ್ನಡ ಪುಸ್ತಕ ಒಯ್ದವರ ಹೆಸರು ಬರೆದುಕೊಂಡು, ಒಬ್ಬೊಬ್ಬರನ್ನೇ ಮಾತಾಡಿಸಿ. ಎಂಟು ಮಂದಿ ಸಿಕ್ಕಿದರೆ ಆರಂಭಿಸಬಹುದು, ಹದಿನಾಲ್ಕು ದಾಟಿದರೆ ಎರಡು ಕೂಟ ಮಾಡಬೇಕು.

ಹನ್ನೆರಡೂ ಮಂದಿ ನಿವೃತ್ತ ಅಧ್ಯಾಪಕರೇ ಆದರೆ ಅದು ಎಚ್ಚರಿಕೆಯ ಗುರುತು. ಅವರಿಗೆ ಓದಿದ್ದನ್ನು ವಿವರಿಸುವ ಅಭ್ಯಾಸವಿದೆ, ವಿವರಣೆ ಕೇಳುವವರಾಗಿ ಉಳಿದವರು ಮುಂದಿನ ತಿಂಗಳು ಬರುವುದಿಲ್ಲ. ಮಾಷ್ಟ್ರುಗಳ ಮೇಲೆ ನನಗೆ ಗೌರವವಿದೆ, ನಾನೂ ಅವರಲ್ಲೊಬ್ಬ. ಆದರೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೇಡ.

ಹಂತ 3: ಪುಸ್ತಕವನ್ನು ಆರಿಸುವುದು

ಒಳ್ಳೆಯ ಪುಸ್ತಕ ಯಾವುದು ಎಂದು ಕೇಳುವ ಮುನ್ನ ಓದಿ ಮುಗಿಸಬಹುದಾದ ಪುಸ್ತಕ ಯಾವುದು ಎಂದು ಕೇಳಬೇಕು. ನಮ್ಮ ಸದಸ್ಯರಲ್ಲಿ ಹಲವರು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವರು. ಮಾತು ಪೂರ್ತಿ ಅರ್ಥವಾಗುತ್ತದೆ, ಅಕ್ಷರದ ಮೇಲೆ ಕಣ್ಣು ನಿಧಾನವಾಗಿ ಸಾಗುತ್ತದೆ. ನಮ್ಮ ಕೂಟದ ಹುಡುಗನೊಬ್ಬ ಕಠಿಣವೆನಿಸಿದ ಕನ್ನಡ ಪದಗಳನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಮಲಯಾಳ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ. ಹದಿನೆಂಟನೆಯ ಪುಟದವರೆಗೆ ಅಂಚು ತುಂಬಿತ್ತು, ಐವತ್ತರ ನಂತರ ಖಾಲಿಯಾಗಿತ್ತು. ಇಂಥವರಿಗೆ ವೇಳೆ ಬೇಕು, ವಿನಾಯಿತಿ ಬೇಡ.

ಆದ್ದರಿಂದ ಮೊದಲ ದಿನ ಪ್ರತಿಯೊಬ್ಬರೂ ಗಡಿಯಾರ ನೋಡಿಕೊಂಡು ಮೌನವಾಗಿ ಒಂದು ಪುಟ ಓದಲಿ. ಎಲ್ಲರಿಗಿಂತ ನಿಧಾನವಾಗಿ ಓದುವವರಿಗೆ ನಾಲ್ಕು ನಿಮಿಷ ಬೇಕಾಯಿತೆಂದರೆ, 160 ಪುಟದ ಕಾದಂಬರಿಗೆ 640 ನಿಮಿಷ, ಅಂದರೆ ಹತ್ತು ಗಂಟೆ ನಲವತ್ತು ನಿಮಿಷ. 28 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 23 ನಿಮಿಷ. ಇದು ಸಾಧ್ಯ. 400 ಪುಟದ ಕಾದಂಬರಿಗೆ ಅದೇ ವೇಗದಲ್ಲಿ ದಿನಕ್ಕೆ ಸುಮಾರು ಒಂದು ಗಂಟೆ ಬೇಕು. ಇದು ಅಸಾಧ್ಯ, ಅಂಥ ಪುಸ್ತಕವನ್ನು ಎರಡು ಅಥವಾ ಮೂರು ತಿಂಗಳಿಗೆ ಹರಡಬೇಕು. ಮೊದಲ ಪುಸ್ತಕವಾಗಿ ಸಣ್ಣಕಥೆಗಳ ಸಂಕಲನವೇ ಕ್ಷೇಮ, ಏಕೆಂದರೆ ಅರ್ಧ ಓದಿದವರೂ ಆ ಅರ್ಧದ ಬಗ್ಗೆ ಪೂರ್ತಿ ಮಾತಾಡಬಲ್ಲರು.

ಪ್ರತಿಗಳ ವಿಷಯದಲ್ಲಿ ಇಬ್ಬರಿಗೊಂದು ಸಾಕು. ಹನ್ನೆರಡು ಮಂದಿಗೆ ಆರು ಪ್ರತಿ, ಪ್ರತಿಗೆ 150 ರೂಪಾಯಿಯಂತೆ 900 ರೂಪಾಯಿ, ತಲಾ 75. ಮೊದಲ ಎರಡು ವಾರ ಒಬ್ಬರಲ್ಲಿ, ಮುಂದಿನ ಎರಡು ವಾರ ಇನ್ನೊಬ್ಬರಲ್ಲಿ ಇರುವ ಕ್ರಮವಾದರೆ ದಿನದ ಓದು ಇಮ್ಮಡಿಯಾಗುತ್ತದೆ ಎಂಬುದನ್ನು ಮರೆಯದೆ, ಜೋಡಿಗಳನ್ನು ಒಂದೇ ಮನೆಯಿಂದ ಅಥವಾ ಅಕ್ಕಪಕ್ಕದಿಂದ ಆರಿಸಬೇಕು. ಪ್ರಕಾಶಕರಿಗೆ ಬರೆದು ತರಿಸುವುದಾದರೆ ಕೂಟಕ್ಕೆ ಎರಡು ತಿಂಗಳು ಇರುವಾಗಲೇ ಬರೆಯಿರಿ. "ಪ್ರತಿ ಮುಗಿದಿದೆ" ಎಂಬ ಉತ್ತರ ಬಂದರೆ ಪುಸ್ತಕ ಬದಲಾಯಿಸಲು ಸಮಯವಿರಬೇಕು.

ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿ ಹಂಚುವುದು ಎಲ್ಲ ಕಡೆ ನಡೆಯುವ ತಪ್ಪು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಬಳಿಕವೂ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಆರಂಭದಿಂದ ಮುಕ್ತವಾಗಿವೆ, ಅವನ್ನು ಧಾರಾಳವಾಗಿ ಪ್ರತಿ ಮಾಡಿ ಹಂಚಬಹುದು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ; ಅವರ ಕವಿತೆಗಳ ಹಕ್ಕು 2075ರ ಕೊನೆಯವರೆಗೆ ಇದೆ. ಇಬ್ಬರೂ ನಮ್ಮವರೇ, ಆದರೆ ಜೆರಾಕ್ಸ್ ಅಂಗಡಿಯ ಮುಂದೆ ಇಬ್ಬರ ಲೆಕ್ಕ ಬೇರೆ.

ಹಂತ 4: ಮೊದಲ ಮೂರು ಕೂಟಗಳನ್ನು ನಡೆಸುವುದು

ಇಡೀ ಕೆಲಸದ ಭಾರ ಬೀಳುವುದು ಇಲ್ಲಿ. ಕುರ್ಚಿಗಳನ್ನು ಸಾಲಾಗಿ ಇಡದೆ ಸುತ್ತಲೂ ಇಡಿ. ವೇದಿಕೆಯ ಮೇಲೆ ಯಾರೂ ಕೂರಬಾರದು. ಸ್ವಾಗತ, ವಂದನೆ ಬೇಡ. ಗಂಟೆ ಹೊಡೆಯುತ್ತಿದ್ದಂತೆ, ಮೂವರೇ ಬಂದಿದ್ದರೂ, ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದುವುದರಿಂದ ಆರಂಭಿಸಿ. ತಡವಾಗಿ ಬಂದವರಿಗಾಗಿ ಹಿಂದಿನದನ್ನು ಮತ್ತೆ ಹೇಳಬಾರದು. ಎರಡು ತಿಂಗಳಲ್ಲಿ ಎಲ್ಲರೂ ಸಮಯಕ್ಕೆ ಬರತೊಡಗುತ್ತಾರೆ.

ಗಟ್ಟಿಯಾದ ಓದು ಮುಗಿದ ಮೇಲೆ ಎಲ್ಲರೂ ಸರದಿಯಂತೆ ಎರಡೆರಡು ನಿಮಿಷ ಮಾತಾಡಬೇಕು, ಆ ಸುತ್ತು ಮುಗಿಯುವವರೆಗೆ ಯಾರೂ ಯಾರಿಗೂ ಉತ್ತರ ಕೊಡಬಾರದು. ಈ ನಿಯಮವನ್ನು ಸಡಿಲಿಸಿದ ಕೂಟಗಳಲ್ಲಿ ಹತ್ತನೆಯ ನಿಮಿಷಕ್ಕೆ ಇಬ್ಬರ ನಡುವೆ ವಾಗ್ವಾದ ಹತ್ತಿ, ಉಳಿದ ಹತ್ತು ಮಂದಿ ಪ್ರೇಕ್ಷಕರಾಗುವುದನ್ನು ನೋಡಿದ್ದೇನೆ.

ಪ್ರಶ್ನೆ ಹೇಗಿರಬೇಕು ಎಂಬುದರ ಬಗ್ಗೆ ಒಂದು ಮಾತು. "ಈ ಕೃತಿಯ ಸಂದೇಶವೇನು?", "ಪಾತ್ರಚಿತ್ರಣ ಹೇಗಿದೆ?" ಎಂಬವು ಪರೀಕ್ಷೆಯ ಪ್ರಶ್ನೆಗಳು, ಉತ್ತರ ಗೊತ್ತಿರುವವರು ಮಾತ್ರ ಬಾಯಿ ತೆರೆಯುತ್ತಾರೆ. ಬದಲಾಗಿ, ಎಲ್ಲಿ ಓದು ನಿಲ್ಲಿಸಿ ಪುಸ್ತಕ ಕೆಳಗಿಟ್ಟಿರಿ, ಯಾವ ಪಾತ್ರದ ಮಾತು ನಿಮ್ಮ ಮನೆಯಲ್ಲಿ ಕೇಳಿದಂತಿದೆ, ಯಾವ ಪುಟವನ್ನು ಎರಡು ಸಲ ಓದಿದಿರಿ ಎಂದು ಕೇಳಿ. ಒಮ್ಮೆ ಇಂಥ ಪ್ರಶ್ನೆಗೆ, ಅದುವರೆಗೆ ಬಾಯಿ ಬಿಡದಿದ್ದ ಅಮ್ಮನೊಬ್ಬರು ಪುಸ್ತಕ ತೆರೆದು, ಒಂದು ಸಾಲಿನ ಕೆಳಗೆ ಬೆರಳಿಟ್ಟು, "ಇಲ್ಲಿ ಸೊಸೆ ಅನ್ನಕ್ಕೆ ನೀರು ಹಾಕಿ ಇಡುತ್ತಾಳೆ, ಮರುದಿನ ಅದನ್ನು ಯಾರು ಉಂಡರೆಂದು ಬರೆದೇ ಇಲ್ಲ" ಎಂದರು. ಅಂದಿನ ಉಳಿದ ಮುಕ್ಕಾಲು ಗಂಟೆ ಆ ತಂಗಳನ್ನದ ಸುತ್ತಲೇ ಕಳೆಯಿತು.

ಭಾಷೆಯ ವಿಷಯದಲ್ಲಿ ಬಿಗಿ ಬೇಡ. ಪುಸ್ತಕ ಕನ್ನಡದ್ದು, ನೋಟುಪುಸ್ತಕದ ಟಿಪ್ಪಣಿ ಕನ್ನಡದ್ದು. ಚರ್ಚೆ ಮಾತ್ರ ಅವರವರಿಗೆ ಬಂದಂತೆ ತುಳು, ಮಲಯಾಳ, ಹವ್ಯಕ, ಬ್ಯಾರಿ, ಮರಾಠಿ ಯಾವುದರಲ್ಲೂ ಇರಬಹುದು. ಅಚ್ಚಕನ್ನಡದಲ್ಲೇ ಮಾತಾಡಬೇಕೆಂದು ಕಟ್ಟುಮಾಡಿದರೆ ಕನ್ನಡ ಉಳಿಯುವುದಿಲ್ಲ, ಮೌನ ಉಳಿಯುತ್ತದೆ. ಕನ್ನಡ, ಮಲಯಾಳ ಎರಡರಲ್ಲೂ ಲಭ್ಯವಿರುವ ಕೃತಿಯನ್ನು ವರ್ಷಕ್ಕೊಮ್ಮೆ ಆರಿಸಿ, ಅರ್ಧ ಮಂದಿ ಒಂದರಲ್ಲಿ, ಅರ್ಧ ಮಂದಿ ಇನ್ನೊಂದರಲ್ಲಿ ಓದಿಕೊಂಡು ಬಂದರೆ ಅನುವಾದದ ಬಗ್ಗೆ ಹುಟ್ಟುವ ಚರ್ಚೆ ಬೇರೆ ಊರಿನ ಕೂಟಗಳಿಗೆ ಸುಲಭವಾಗಿ ದಕ್ಕದಂಥದು.

ಕೂಟದ ಕೊನೆಯ ಹತ್ತು ನಿಮಿಷ ನೋಟುಪುಸ್ತಕಕ್ಕೆ ಮೀಸಲು. ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು, ಕೇಳಿದವರ ಹೆಸರು ಮತ್ತು ಪುಟಸಂಖ್ಯೆಯೊಂದಿಗೆ ಬರೆದಿಡಬೇಕು. ಲೇಖಕರು ಬಂದಾಗ ಕೈಗೆ ಬರುವ ಬಂಡವಾಳ ಇದೇ.

ಎಚ್ಚರಿಕೆಯ ಗುರುತುಗಳು

ಎರಡನೆಯ ಕೂಟದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪುಸ್ತಕ ಮುಗಿಸಿಲ್ಲವೆಂದರೆ ತಪ್ಪು ಅವರದ್ದಲ್ಲ, ಆಯ್ಕೆಯದ್ದು. ಮುಂದಿನ ಪುಸ್ತಕದ ಪುಟಗಳನ್ನು ಅರ್ಧಕ್ಕಿಳಿಸಿ. ಒಬ್ಬರೇ ಇಪ್ಪತ್ತು ನಿಮಿಷ ಮಾತಾಡಿದ್ದು ಎರಡು ಸಲ ಆದರೆ ಮೂರನೆಯ ಕೂಟದಲ್ಲಿ ಅವರ ಕೈಗೇ ಗಡಿಯಾರದ ಹೊಣೆ ಕೊಡಿ. ಇದು ಬಹುಮಟ್ಟಿಗೆ ಫಲಿಸುತ್ತದೆ. ಚರ್ಚೆ ಪುಸ್ತಕ ಬಿಟ್ಟು ಪಂಚಾಯತಿನ ರಾಜಕೀಯಕ್ಕೆ ಇಳಿದಾಗ ತಡೆಯುವ ಬದಲು, "ಯಾವ ಪುಟದಲ್ಲಿದೆ?" ಎಂದು ಕೇಳಿದರೆ ಸಾಕು. ಸತತ ಎರಡು ಕೂಟಗಳಿಗೆ ಬಾರದವರ ಮನೆಗೆ ಹೋಗಿ ಬನ್ನಿ, ಫೋನು ಮಾಡಬೇಡಿ.

ಹಂತ 5: ಲೇಖಕರನ್ನು ಸಂಪರ್ಕಿಸುವುದು

ಮೂರನೆಯ ಕೂಟ ಮುಗಿದ ವಾರ ಲೇಖಕರಿಗೆ ಫೋನು ಮಾಡಿ, ಒಪ್ಪಿಗೆ ದೊರೆತ ದಿನವೇ ಬರಹದಲ್ಲೂ ಕಳುಹಿಸಬೇಕು. ಆ ಬರಹದಲ್ಲಿ ಆರು ಸಂಗತಿಗಳು ಇರಲೇಬೇಕು: ದಿನಾಂಕ ಮತ್ತು ಗಂಟೆ, ನಾವು ಓದುತ್ತಿರುವ ಅವರ ಪುಸ್ತಕ, ಅವರ ಮಾತಿಗೂ ಪ್ರಶ್ನೆಗಳಿಗೂ ಇರುವ ನಿಮಿಷಗಳು, ಬರಬಹುದಾದ ಜನಸಂಖ್ಯೆ, ಪ್ರಯಾಣ–ವಸತಿಯ ವ್ಯವಸ್ಥೆ, ಗೌರವಧನದ ಮೊತ್ತ. ಐದು ಬರೆದು ಆರನೆಯದನ್ನು ಬಿಡುವುದು ನಮ್ಮಲ್ಲಿ ರೂಢಿ. ಸಂಘಕ್ಕೆ ಶಕ್ತಿಯಿಲ್ಲದಿದ್ದರೆ "ಪ್ರಯಾಣ ವೆಚ್ಚ ಮಾತ್ರ ಭರಿಸಬಲ್ಲೆವು" ಎಂದು ಮೊದಲೇ ಬರೆಯುವುದರಲ್ಲಿ ಅವಮಾನವಿಲ್ಲ. ಹೊರಡುವ ಹೊತ್ತಿಗೆ ಲಕೋಟೆಯೊಂದನ್ನು ಚೀಲಕ್ಕೆ ತುರುಕುವುದರಲ್ಲಿ ಇದೆ.

ಬೆಂಗಳೂರಿನಿಂದ ಬರುವವರಿಗೆ ಮಂಗಳೂರಿನ ಮೂಲಕ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಅನುಕೂಲ, ಕಾಸರಗೋಡಿನಲ್ಲಿ ಇಳಿಯಬಹುದು. ಮಂಗಳೂರಿನಿಂದ ಬರುವವರಿಗೆ ಕೇವಲ ಐವತ್ತು ಕಿಲೋಮೀಟರ್ ಎಂದು ಹೇಳಿ ಬಿಟ್ಟುಬಿಡಬೇಡಿ; ತಲಪಾಡಿ ದಾಟಿದ ಮೇಲೆ ಹೆದ್ದಾರಿಯಿಂದ ಒಳಕ್ಕೆ ಎಷ್ಟು ದೂರ, ಯಾವ ಬಸ್ಸು, ಯಾರು ಕಾಯುತ್ತಾರೆ ಎಂಬುದನ್ನೂ ತಿಳಿಸಬೇಕು. ಹರತಾಳ ಘೋಷಣೆಯಾದರೆ ಏನು ಮಾಡುವುದೆಂದು ಪರ್ಯಾಯ ದಿನಾಂಕವೊಂದನ್ನು ಮೊದಲೇ ಒಪ್ಪಿಕೊಂಡಿರುವುದು ಕೇರಳದಲ್ಲಿ ಅತಿಜಾಗ್ರತೆ ಎನಿಸುವುದಿಲ್ಲ.

ನಾಲ್ಕನೆಯ ಕೂಟದಲ್ಲಿ ಅವರ ಪುಸ್ತಕದ ಚರ್ಚೆ ಮುಗಿದ ಮೇಲೆ, ನೋಟುಪುಸ್ತಕದಿಂದ ಎಂಟು ಪ್ರಶ್ನೆಗಳನ್ನು ಆರಿಸಿ ಅವರಿಗೆ ಕಳುಹಿಸಿ. ಆ ಪ್ರಶ್ನೆಗಳನ್ನು ಕಂಡ ಲೇಖಕರು ಬೇರೆ ಕಡೆ ಮಾಡಿದ ಭಾಷಣವನ್ನೇ ಇಲ್ಲೂ ಮಾಡುವುದಿಲ್ಲ.

ಹಂತ 6: ಸ್ಥಳ, ಅನುಮತಿ, ಬ್ಯಾನರ್

ನಲವತ್ತು ಜನರವರೆಗೆ ವಾಚನಾಲಯದ ಕೋಣೆ ಸಾಕು, ಮೈಕ್ ಬೇಡ. ಅಂಗಳದಲ್ಲಿ ಶಾಮಿಯಾನ ಹಾಕಿ ಧ್ವನಿವರ್ಧಕ ಇಡುವುದಾದರೆ ಪೊಲೀಸ್ ಠಾಣೆಗೆ ವಾರ ಮುಂಚೆ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆಯಬೇಕು. ಕೇರಳದಲ್ಲಿ 2020ರ ಜನವರಿಯಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧವಿರುವುದರಿಂದ ಬ್ಯಾನರ್ ಬಟ್ಟೆಯದಿರಲಿ, ಚಹಾಕ್ಕೆ ಸ್ಟೀಲ್ ಲೋಟಗಳಿರಲಿ. ಬಟ್ಟೆಯ ಬ್ಯಾನರಿನಲ್ಲಿ ದಿನಾಂಕ ಬರೆಸದಿದ್ದರೆ ಮುಂದಿನ ವರ್ಷಕ್ಕೂ ಆಗುತ್ತದೆ.

ಹಂತ 7: ಆಮಂತ್ರಣ ಪತ್ರಿಕೆ

ಕಾರ್ಯಕ್ರಮ ಹಾಳಾಗುವುದು ವೇದಿಕೆಯಲ್ಲಲ್ಲ, ಆಮಂತ್ರಣ ಪತ್ರಿಕೆಯಲ್ಲಿ. ಒಂದು ಹೆಸರು ಸೇರಿದರೆ ಆರು ನಿಮಿಷ ಸೇರಿತೆಂದು ಲೆಕ್ಕ. ಹಿರಿಯರೊಬ್ಬರನ್ನು ಸೇರಿಸಿದರೆ ಇನ್ನೊಬ್ಬರಿಗೆ ಬೇಸರ, ವಾರ್ಡ್ ಸದಸ್ಯರನ್ನು ಸೇರಿಸಿದರೆ ಎದುರು ಪಕ್ಷದವರಿಗೆ ಮುನಿಸು, ಹೀಗೆ ಹದಿನಾಲ್ಕು ಹೆಸರಾಗುತ್ತವೆ. ಇದಕ್ಕಿರುವ ಪರಿಹಾರ ಒಂದೇ: ಲೇಖಕರು ಮತ್ತು ಸಂವಾದ ನಡೆಸಿಕೊಡುವವರು, ಇವರಿಬ್ಬರ ಹೆಸರು ಬಿಟ್ಟು ಬೇರೆ ಹೆಸರೇ ಇರಬಾರದು, ಸಂಘದ ಅಧ್ಯಕ್ಷರದ್ದೂ ಇರಬಾರದು. ಮೂರನೆಯ ಹೆಸರು ಬಂದರೆ ಹದಿನಾಲ್ಕನೆಯದನ್ನು ತಡೆಯಲಾಗದು. ಹಿರಿಯರ ಮನೆಗೆ ಖುದ್ದಾಗಿ ಹೋಗಿ ಪತ್ರಿಕೆ ಕೊಟ್ಟು, ಮುಂದಿನ ಸಾಲಿನಲ್ಲಿ ಕುರ್ಚಿ ಕಾದಿರಿಸಿದ್ದೇವೆ ಎಂದು ಹೇಳಿದರೆ ಬಹುಪಾಲು ಮುನಿಸು ಅಲ್ಲೇ ತೀರುತ್ತದೆ.

ಹಂತ 8: ಕಾರ್ಯಕ್ರಮದ ದಿನ

ಒಟ್ಟು ತೊಂಬತ್ತು ನಿಮಿಷಗಳನ್ನು ಹೀಗೆ ಹಂಚಬಹುದು: ಸ್ವಾಗತ ಮತ್ತು ಪರಿಚಯ ಐದು ನಿಮಿಷ, ಕೂಟದ ಸದಸ್ಯರಿಂದ ಪುಸ್ತಕದ ಒಂದು ಭಾಗದ ವಾಚನ ಹತ್ತು ನಿಮಿಷ, ಲೇಖಕರ ಮಾತು ಇಪ್ಪತ್ತೈದು ನಿಮಿಷ, ಪ್ರಶ್ನೋತ್ತರ ನಲವತ್ತೈದು ನಿಮಿಷ, ಮುಕ್ತಾಯ ಐದು ನಿಮಿಷ. ಶಾಲು ಹೊದೆಸಲೇಬೇಕೆಂದಿದ್ದರೆ ಮುಕ್ತಾಯದ ಐದು ನಿಮಿಷಗಳ ಒಳಗೆ ಹೊದೆಸಬೇಕು.

ಮೊದಲ ಮೂರು ಪ್ರಶ್ನೆಗಳು ಕೂಟದವರದ್ದೇ ಆಗಿರಬೇಕು ಮತ್ತು ಯಾರು ಮೊದಲು ಕೇಳಬೇಕೆಂಬುದು ಮುನ್ನಾದಿನವೇ ಗೊತ್ತಾಗಿರಬೇಕು. ಮೊದಲ ಪ್ರಶ್ನೆಯ ಮಟ್ಟವೇ ಉಳಿದ ಪ್ರಶ್ನೆಗಳ ಮಟ್ಟವನ್ನು ತೀರ್ಮಾನಿಸುತ್ತದೆ. "ಎಪ್ಪತ್ತೆರಡನೆಯ ಪುಟದಲ್ಲಿ" ಎಂದು ಒಬ್ಬರು ಆರಂಭಿಸಿದರೆ, ಎಷ್ಟು ಪುಸ್ತಕ ಬರೆದಿದ್ದೀರಿ ಎಂದು ಕೇಳಬೇಕೆಂದಿದ್ದವರು ಸುಮ್ಮನಾಗುತ್ತಾರೆ. ನಾಚುವವರಿಗಾಗಿ ಚೀಟಿಗಳನ್ನು ಹಂಚಿ. ಪ್ರಶ್ನೆಯ ಹೆಸರಿನಲ್ಲಿ ಭಾಷಣ ಆರಂಭವಾದರೆ ಒಂದು ನಿಮಿಷ ಕಾದು, ಉಸಿರೆಳೆದುಕೊಳ್ಳುವ ಸಂದಿಯಲ್ಲಿ, "ಇದಕ್ಕೆ ಲೇಖಕರು ಏನೆನ್ನುತ್ತಾರೋ ಕೇಳೋಣ" ಎಂದು ಮಾತನ್ನು ತಿರುಗಿಸುವುದು ಸಂವಾದ ನಡೆಸುವವರ ಕೆಲಸ. ಇದಕ್ಕೆ ಸ್ವಲ್ಪ ಮುಖದಾಕ್ಷಿಣ್ಯ ಬಿಡಬೇಕಾಗುತ್ತದೆ. ಆದ್ದರಿಂದ ಊರಿನ ಅಳಿಯನನ್ನು ಈ ಕೆಲಸಕ್ಕೆ ಆರಿಸಬೇಡಿ.

ಹಂತ 9: ಮಾರಾಟ, ಲೆಕ್ಕ, ಮುಂದಿನ ದಿನಾಂಕ

ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸುವ ಕರಾರಿನ ಮೇಲೆ ಪ್ರಕಾಶಕರಿಂದ ಹದಿನೈದು ಪ್ರತಿ ತರಿಸಿದರೆ ಸಾಕು. ಮೇಜು ಬಾಗಿಲ ಬಳಿ ಇರಲಿ, ಕ್ಯೂಆರ್ ಕೋಡಿನ ಜೊತೆಗೆ ಚಿಲ್ಲರೆಯೂ ಇರಲಿ. ಸಂಘದ ಹಣ ಮತ್ತು ಪುಸ್ತಕದ ಹಣ ಒಂದೇ ಡಬ್ಬಿಗೆ ಬೀಳಬಾರದು. ಲೆಕ್ಕವನ್ನು ಅಂದು ರಾತ್ರಿಯೇ ಬರೆದು, ಉಳಿದ ಪ್ರತಿಗಳನ್ನೂ ಹಣವನ್ನೂ ಒಂದು ವಾರದೊಳಗೆ ಪ್ರಕಾಶಕರಿಗೆ ತಲುಪಿಸಬೇಕು. ಎರಡನೆಯ ಸಲ ಅವರು ಪುಸ್ತಕ ಕಳುಹಿಸುವುದು ಇದನ್ನು ನೋಡಿಯೇ.

ಹೊಸದಾಗಿ ಬಂದವರಲ್ಲಿ ಪುಸ್ತಕ ಕೊಂಡವರ ಹೆಸರನ್ನು ಮಾತ್ರ ಬರೆದುಕೊಂಡು, ಅವರನ್ನು ಮುಂದಿನ ಕೂಟಕ್ಕೆ ಕರೆಯಿರಿ. ಮುಂದಿನ ಪುಸ್ತಕದ ಹೆಸರು, ದಿನಾಂಕ, ಗಂಟೆಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಓದಿ ಹೇಳಿ, ಆಮೇಲೆ ಸಜ್ಜಿಗೆ–ಅವಲಕ್ಕಿ ಮತ್ತು ಚಹಾ ಕೊಡಬೇಕು. ಚಹಾ ಮೊದಲು ಬಂದರೆ, ಬೋರ್ಡಿನ ಮೇಲೆ ಬರೆಯುವ ಹೊತ್ತಿಗೆ ಕೋಣೆಯಲ್ಲಿ ಕುರ್ಚಿಗಳು ಮಾತ್ರ ಇರುತ್ತವೆ.